ಸರ್ಟಿಫಿಕೇಟ್ ಬಂತು, ಕೈ ತೊಳೆಯಲು ಸಮಯ ಎಲ್ಲಿದೆ?

ಮಾನ್ಯ ಸಂಪಾದಕರೇ,

ಹೋಟೆಲ್, ಕ್ಯಾಂಟೀನ್, ಆಸ್ಪತ್ರೆ, ಹಾಸ್ಟೆಲ್, ಕೇಟರಿಂಗ್, ಹೀಗೆ ಹತ್ತಾರು ಜನಕ್ಕೆ ಅಡುಗೆ ಮಾಡಿ ಬಡಿಸುವ ಕಡೆಯಲ್ಲೆಲ್ಲ ಈಗ ಆಹಾರ ಸುರಕ್ಷತೆಯ ಆನ್‌ಲೈನ್ ತರಬೇತಿ ಬಂದಿದೆ. ಮೊಬೈಲಿನಲ್ಲಿ ಒಂದೆರಡು ಗಂಟೆ ವಿಡಿಯೋ ನೋಡಬೇಕು, ಕೊನೆಯಲ್ಲಿ ಸರಿ ಉತ್ತರಕ್ಕೆ ಟಿಕ್ ಹಾಕುವ ಪ್ರಶ್ನೆಗಳು, ಪಾಸಾದರೆ ಹೆಸರು ಹಾಕಿದ ಸರ್ಟಿಫಿಕೇಟ್. ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದರೆ ಕೆಲಸ ಮುಗಿಯಿತು. ನಾನು ವರ್ಷಗಟ್ಟಲೆ ದೊಡ್ಡ ಅಡುಗೆಮನೆಗಳಲ್ಲಿ ದುಡಿದವಳು, ಈಗ ಹೊಸಬರಿಗೆ ಕೆಲಸ ಹೇಳಿಕೊಡುವ ಜಾಗದಲ್ಲಿದ್ದೇನೆ. ಈ ತರಬೇತಿ ಬೇಕೇ ಬೇಕು ಅನ್ನುವವಳು. ಹಾಗಿದ್ದೂ ಈ ಪತ್ರ ಬರೆಯಲು ಕಾರಣ ಇದೆ. ಪರೀಕ್ಷೆ ಬರೆಯುತ್ತಿರುವುದು ಕೆಲಸಗಾರ ಮಾತ್ರ. ಅವನು ಕಲಿತದ್ದನ್ನು ಮಾಡಲು ಅನುಕೂಲ ಕೊಡಬೇಕಾದ ಅಡುಗೆಮನೆಯನ್ನು ಯಾರೂ ಪರೀಕ್ಷೆ ಮಾಡುತ್ತಿಲ್ಲ.

ಇದೇನು ದೊಡ್ಡ ವಿಷಯ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕಲುಷಿತ ಆಹಾರ ತಿಂದು ಕಾಯಿಲೆ ಬೀಳುತ್ತಾರೆ. 4 ಲಕ್ಷ 20 ಸಾವಿರ ಜನ ಸಾಯುತ್ತಾರೆ, ಅವರಲ್ಲಿ 1 ಲಕ್ಷ 25 ಸಾವಿರ ಜನ 5 ವರ್ಷದೊಳಗಿನ ಮಕ್ಕಳು. ಇದೆಲ್ಲ ಹೊರಗಿನ ಊಟದಿಂದಲೇ ಆದದ್ದು ಅಂತ ನಾನು ಹೇಳುತ್ತಿಲ್ಲ. ಮನೆ ಅಡುಗೆ, ಹೊಲದ ನೀರು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಮನೆಯಲ್ಲಿ ಒಂದು ಪಾತ್ರೆ ಅಡುಗೆ ಕೆಟ್ಟರೆ ತೊಂದರೆ ಆಗುವುದು ಆ ಮನೆಯವರಿಗೆ, ನಮ್ಮಲ್ಲಿ ಒಂದು ಪಾತ್ರೆ ಕೆಟ್ಟರೆ ಒಂದೇ ಹೊತ್ತಿಗೆ ನೂರಾರು ಜನಕ್ಕೆ. ಅವರಲ್ಲಿ ಗರ್ಭಿಣಿ ಯಾರು, ವಯಸ್ಸಾದವರು ಯಾರು, ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಯಾರು ಅಂತ ಬಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಆನ್‌ಲೈನ್ ತರಬೇತಿಯಿಂದ ಒಳ್ಳೆಯದಾಗಿದೆ, ಅದನ್ನು ಮೊದಲು ಹೇಳಬೇಕು. ಹಿಂದೆಲ್ಲ ತರಬೇತಿ ಅಂದರೆ ಹಳಬರು ಹೊಸಬರಿಗೆ ಗದರಿ ಹೇಳಿದ್ದಷ್ಟೇ. ಹಳಬರಿಗೆ ಗೊತ್ತಿದ್ದರೆ ಹೊಸಬರಿಗೂ ಗೊತ್ತಾಗುತ್ತಿತ್ತು, ಹಳಬರು ತಪ್ಪು ಮಾಡುತ್ತಿದ್ದರೆ ಅದೇ ತಪ್ಪು ಮುಂದಿನ ತಲೆಮಾರಿಗೂ ಹೋಗುತ್ತಿತ್ತು. ಈಗ ರಾತ್ರಿ ಪಾಳಿಯವನಿಗೂ ಬೆಳಗಿನವಳಿಗೂ ಒಂದೇ ಪಾಠ ಸಿಗುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು, ಯಾರ ಮುಂದೆಯೂ ಕೈ ಎತ್ತಿ ಕೇಳಬೇಕಾಗಿಲ್ಲ. ತರಗತಿಯಲ್ಲಿ ಕೂತು ಪ್ರಶ್ನೆ ಕೇಳಲು ಸಂಕೋಚಪಡುವ ಎಷ್ಟೋ ಜನರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯನ್ನು ಚಿತ್ರದಲ್ಲಿ ಚಲಿಸುವಂತೆ ತೋರಿಸಿದಾಗ, ಹಸಿ ಕೋಳಿ ತೊಳೆದರೆ ನೀರಿನ ಹನಿಗಳು ಎಲ್ಲೆಲ್ಲಿಗೆ ಸಿಡಿಯುತ್ತವೆ ಅಂತ ಕಣ್ಣಾರೆ ಕಂಡಾಗ ತಿಳಿಯುವಷ್ಟು ನನ್ನ ಬಾಯಿ ಮಾತಿನಿಂದ ತಿಳಿಯುವುದಿಲ್ಲ.

ಇನ್ನು ತೊಂದರೆಗೆ ಬರುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಅಡುಗೆಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಳಸಲು ಬರುವ ಒಬ್ಬ ಹುಡುಗನೇ ಇಡೀ ಪಾಳಿಯವರ ಪರೀಕ್ಷೆ ಬರೆದು ಮುಗಿಸಿದ. ಎಲ್ಲರ ಸರ್ಟಿಫಿಕೇಟೂ ಅಸಲಿಯೇ. ಹೆಸರು ಸರಿ, ನಂಬರ್ ಸರಿ, ಪರಿಶೀಲಿಸಿದರೆ ವೆಬ್‌ಸೈಟಿನಲ್ಲೂ ಕಾಣುತ್ತದೆ. ಪಾಠ ಕೇಳಿದವನು ಮಾತ್ರ ಒಬ್ಬನೇ. ಬೇರೆ ಕಡೆ ವಿಡಿಯೋ ಹಚ್ಚಿ ಮೊಬೈಲನ್ನು ಕಪಾಟಿನ ಮೇಲೆ ಇಟ್ಟು ತರಕಾರಿ ಹೆಚ್ಚುತ್ತಾ ಇರುವವರನ್ನು ನೋಡಿದ್ದೇನೆ, ಉತ್ತರಗಳ ಫೋಟೋ ಗ್ರೂಪಿನಲ್ಲಿ ಓಡಾಡುವುದನ್ನೂ ನೋಡಿದ್ದೇನೆ. ಇವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ದಿನವಿಡೀ ಒಲೆ ಮುಂದೆ ನಿಂತು ಬೆವರಿದವರಿಗೆ, ಪಾಳಿ ಮುಗಿದ ಮೇಲೆ ನಿಮ್ಮ ಸಮಯದಲ್ಲಿ ಇದನ್ನು ಮಾಡಿ, ನಾಳೆ ಬೆಳಗ್ಗೆಯೊಳಗೆ ಸರ್ಟಿಫಿಕೇಟ್ ಕಳಿಸಿ ಅಂದರೆ ಅವರು ಇನ್ನೇನು ಮಾಡುತ್ತಾರೆ? ಸಂಸ್ಥೆಗೆ ಬೇಕಾಗಿದ್ದದ್ದು ಕಾಗದ. ಅವರು ಕಾಗದ ತಂದುಕೊಟ್ಟರು.

ಪ್ರಶ್ನೆಗಳೂ ಹಾಗೇ ಇರುತ್ತವೆ. ‘ಆಹಾರಕ್ಕೆ ಅಪಾಯದ ಉಷ್ಣತೆ ಎಷ್ಟರಿಂದ ಎಷ್ಟು?’ ನಾಲ್ಕು ಉತ್ತರ ಕೊಟ್ಟಿರುತ್ತಾರೆ, 5ರಿಂದ 60 ಡಿಗ್ರಿ ಸೆಲ್ಸಿಯಸ್ ಅಂತ ಒತ್ತಿದರೆ ಅಂಕ ಬಂತು. ಸರಿ, ಆ ಸಂಖ್ಯೆ ಗೊತ್ತಿರಬೇಕು. ಆದರೆ ನಿಜವಾದ ಅಡುಗೆಮನೆಯಲ್ಲಿ ಯಾರೂ ಬಂದು ಸಂಖ್ಯೆ ಕೇಳುವುದಿಲ್ಲ. ಅಲ್ಲಿ ಬರುವ ಪ್ರಶ್ನೆಯೇ ಬೇರೆ. ಮಧ್ಯಾಹ್ನ ಮಿಕ್ಕ ಒಂದು ದೊಡ್ಡ ಪಾತ್ರೆ ಅನ್ನ ಇದೆ, ಮುಟ್ಟಿದರೆ ಬೆಚ್ಚಗಿದೆ, ವಾಸನೆ ಚೆನ್ನಾಗಿಯೇ ಇದೆ, ರಾತ್ರಿಗೆ ಇಟ್ಟುಕೊಳ್ಳೋಣವಾ ಬಿಸಾಡೋಣವಾ? ಮಾಲೀಕರು ಪಕ್ಕದಲ್ಲೇ ನಿಂತಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ತಿಳಿವಳಿಕೆ ಮತ್ತು ಧೈರ್ಯ ಎರಡನ್ನೂ ಕೊಡಬಲ್ಲ ತರಬೇತಿ ಬೇಕು.

ಅನ್ನದ ವಿಷಯವನ್ನೇ ತೆಗೆದುಕೊಳ್ಳಿ. ಬೇಯಿಸಿದ ಮೇಲೆ ಎಲ್ಲ ಸೂಕ್ಷ್ಮಜೀವಿಯೂ ಸತ್ತಿತು ಅಂತ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇರುವಂಥದ್ದು, ಅಕ್ಕಿಯ ಜೊತೆ ಬರುತ್ತದೆ. ಅದು ಗಟ್ಟಿ ಕವಚ ಕಟ್ಟಿಕೊಂಡು ಕೂರಬಲ್ಲದು, ಅದನ್ನು ಸ್ಪೋರ್ ಅನ್ನುತ್ತಾರೆ. ಕುದಿಯುವ ನೀರಿನಲ್ಲೂ ಈ ಸ್ಪೋರ್ ಬದುಕಿ ಉಳಿಯುತ್ತದೆ. ಅನ್ನ ಬೆಂದು, ಪಾತ್ರೆಯಲ್ಲೇ ನಿಧಾನಕ್ಕೆ ಆರುತ್ತಾ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಕವಚ ಬಿಟ್ಟು ಹೊರಗೆ ಬಂದು ಬೆಳೆಯತೊಡಗುತ್ತದೆ. ಬೆಳೆಯುವಾಗ ಅದು ಬಿಡುವ ಒಂದು ವಿಷ ಬಿಸಿಗೆ ಜಗ್ಗುವುದಿಲ್ಲ. ಅಂದರೆ ರಾತ್ರಿ ಎಷ್ಟೇ ಚೆನ್ನಾಗಿ ಹುರಿದು ಬಿಸಿ ಮಾಡಿ ಬಡಿಸಿದರೂ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹಾಗೇ ಇರುತ್ತದೆ. ‘ಚೆನ್ನಾಗಿ ಬಿಸಿ ಮಾಡಿದರೆ ಆಯ್ತು ಬಿಡಿ’ ಅನ್ನುವ ಮಾತು ಎಲ್ಲ ಅಡುಗೆಮನೆಯಲ್ಲೂ ಕೇಳುತ್ತೀರಿ, ಆ ಮಾತು ಯಾಕೆ ಅಪಾಯ ಅನ್ನುವುದು ಇಲ್ಲಿದೆ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡ ಅಡುಗೆಯವನು ಮತ್ತೆ ಅನ್ನದ ಪಾತ್ರೆಯನ್ನು ಮೂಲೆಯಲ್ಲಿ ಮರೆತು ಬಿಡುವುದಿಲ್ಲ. 5ರಿಂದ 60 ಅಂತ ಬಾಯಿಪಾಠ ಮಾಡಿದವನು ಮರೆಯುತ್ತಾನೆ.

ಬೇಯಿಸಿದ್ದನ್ನು ಬೇಗ ತಣ್ಣಗಾಗಿಸುವುದು ಹೇಗೆ ಅನ್ನುವುದೂ ಒಂದು ಕೆಲಸವೇ, ಅದನ್ನು ಕೈಯಲ್ಲಿ ಮಾಡಿಸಿ ಕಲಿಸಬೇಕು. ಅಮೆರಿಕದ ಫುಡ್ ಕೋಡ್ ಅನ್ನುವ ಆಹಾರ ನಿಯಮಾವಳಿ ಹೇಳುವ ಕ್ರಮ ಹೀಗಿದೆ: ಬೇಯಿಸಿದ ಆಹಾರ ಮೊದಲ 2 ಗಂಟೆಯೊಳಗೆ 57 ಡಿಗ್ರಿಯಿಂದ 21ಕ್ಕೆ ಇಳಿಯಬೇಕು, ಒಟ್ಟು 6 ಗಂಟೆಯೊಳಗೆ 5 ಡಿಗ್ರಿಗೆ ಬರಬೇಕು. ಮೊದಲ ಹಂತಕ್ಕೆ ಯಾಕೆ ಅಷ್ಟು ಅವಸರ ಅಂದರೆ ಆ ನಡುವಿನ ಬಿಸಿಯಲ್ಲೇ ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ 6 ಗಂಟೆಯಲ್ಲಿ 2 ಲಕ್ಷ 60 ಸಾವಿರ ದಾಟುತ್ತದೆ. ಇನ್ನು ಆಳವಾದ ದೊಡ್ಡ ಪಾತ್ರೆಯಲ್ಲಿ ಸೂಪನ್ನೋ ಮಾಂಸದ ಗ್ರೇವಿಯನ್ನೋ ಹಾಗೇ ಫ್ರಿಜ್ಜಿಗೆ ಇಟ್ಟರೆ ಮೇಲೆ ತಣ್ಣಗಾಗುತ್ತದೆ, ನಡುವೆ ಮರುದಿನ ಬೆಳಗ್ಗೆಯೂ ಬೆಚ್ಚಗಿರಬಹುದು. ಅದರ ಬಿಸಿಗೆ ಫ್ರಿಜ್ಜಿನ ಒಳಗೆ ಪಕ್ಕದಲ್ಲಿಟ್ಟ ಹಾಲು, ಮೊಸರು ಎಲ್ಲದರ ತಂಪೂ ಹೋಗುತ್ತದೆ. ಅಗಲವಾದ ತಟ್ಟೆಗಳಿಗೆ ತೆಳುವಾಗಿ ಹರವಬೇಕು, ಇಲ್ಲವೇ ಪಾತ್ರೆಯನ್ನು ಐಸ್ ನೀರಿನಲ್ಲಿ ಇಟ್ಟು ಕೈಯಾಡಿಸುತ್ತಿರಬೇಕು. ಇದನ್ನು ವಿಡಿಯೋದಲ್ಲಿ ಹೇಳುತ್ತಾರೆ. ಹೇಳಿದ ಮೇಲೆ ಅಡುಗೆಮನೆಗೆ ಬಂದು ನೋಡಿದರೆ ಅಗಲದ ತಟ್ಟೆಯೇ ಇರುವುದಿಲ್ಲ, ಐಸ್ ಇರುವುದಿಲ್ಲ, ಫ್ರಿಜ್ಜಿನಲ್ಲಿ ಜಾಗ ಇರುವುದಿಲ್ಲ. ಆಗ ಕಲಿತವನು ಏನು ಮಾಡಬೇಕು?

ಥರ್ಮಾಮೀಟರ್ ಕಥೆಯೂ ಹೀಗೆಯೇ. ಎಲ್ಲ ಕೋರ್ಸಿನಲ್ಲೂ ಥರ್ಮಾಮೀಟರಿನ ಪಾಠ ಇದೆ. ಕೋಳಿ, ಮಾಂಸದ ಒಳಭಾಗ ಕನಿಷ್ಠ 70 ಡಿಗ್ರಿ ಮುಟ್ಟಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬಣ್ಣ ನೋಡಿ ಬೆಂದಿದೆ ಅನ್ನಬೇಡಿ ಅಂತಲೂ ಪಾಠದಲ್ಲಿ ಬರುತ್ತದೆ. ಪಾಸಾದವರನ್ನು ಒಮ್ಮೆ ಕೇಳಿ ನೋಡಿ, ನಿಮ್ಮ ಅಡುಗೆಮನೆಯಲ್ಲಿ ಥರ್ಮಾಮೀಟರ್ ಎಲ್ಲಿದೆ ಅಂತ. ಎಷ್ಟೋ ಕಡೆ ಇಲ್ಲವೇ ಇಲ್ಲ. ಇದ್ದರೆ ಮ್ಯಾನೇಜರ್ ಡ್ರಾಯರಿನಲ್ಲಿ ಬೀಗದೊಳಗೆ, ತಪಾಸಣೆಗೆ ಬಂದವರಿಗೆ ತೋರಿಸಲು. ಬ್ಯಾಟರಿ ಸತ್ತಿರುತ್ತದೆ. ಅದು ಸರಿಯಾಗಿ ತೋರಿಸುತ್ತಿದೆಯಾ ಅಂತ ತಿಳಿಯಲು ಒಂದು ಲೋಟ ತುಂಬ ಐಸ್ ಪುಡಿ, ಸ್ವಲ್ಪ ನೀರು ಸಾಕು. ಅದ್ದಿದಾಗ 0 ಡಿಗ್ರಿ ತೋರಿಸಬೇಕು. ಒಂದೆರಡು ನಿಮಿಷದ ಕೆಲಸ, ಮಾಡಿದವರನ್ನು ನಾನು ಕಂಡಿರುವುದು ಬಹಳ ಕಡಿಮೆ.

ಕೈ ತೊಳೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ಸುಲಭ ಅಂದುಕೊಂಡಿದ್ದಾರೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಬೇಕು, ತೊಳೆದು ಒರೆಸಬೇಕು, ನಲ್ಲಿಯವರೆಗೆ ಹೋಗಿ ಬರುವುದೂ ಸೇರಿ ಒಂದು ನಿಮಿಷ ಬೇಕು ಅಂದುಕೊಳ್ಳಿ. ಹಸಿ ಮಾಂಸ ಮುಟ್ಟಿದ ಮೇಲೆ, ಮೊಟ್ಟೆ ಒಡೆದ ಮೇಲೆ, ಕಸ ಮುಟ್ಟಿದ ಮೇಲೆ, ಮುಖ ಒರೆಸಿಕೊಂಡ ಮೇಲೆ, ಮೊಬೈಲ್ ಮುಟ್ಟಿದ ಮೇಲೆ, ದುಡ್ಡು ಎಣಿಸಿದ ಮೇಲೆ, ಶೌಚಾಲಯದಿಂದ ಬಂದ ಮೇಲೆ, ಹೀಗೆ ತೊಳೆಯಬೇಕಾದ ಸಲ ತೊಳೆದರೆ ರಶ್ ಹೊತ್ತಿನಲ್ಲಿ ಗಂಟೆಗೆ ಎಷ್ಟು ನಿಮಿಷ ಆಯಿತು ನೋಡಿ. ಆ ನಿಮಿಷಗಳನ್ನು ಲೆಕ್ಕ ಹಾಕಿ ಜನ ಇಟ್ಟುಕೊಂಡಿರುವ ಅಡುಗೆಮನೆ ಎಷ್ಟಿವೆ? ಮೂರು ಜನ ಮಾಡುವ ಕೆಲಸಕ್ಕೆ ಇಬ್ಬರನ್ನು ನಿಲ್ಲಿಸಿ, ಆರ್ಡರ್ ಎಲ್ಲಿ ಎಲ್ಲಿ ಅಂತ ಕೂಗುತ್ತಿದ್ದರೆ ಮೊದಲು ಬಿಟ್ಟುಹೋಗುವುದೇ ಕೈ ತೊಳೆಯುವುದು. ಕೈ ತೊಳೆಯಲೆಂದೇ ಇರುವ ಸಿಂಕಿನಲ್ಲಿ ಪಾತ್ರೆ ತುಂಬಿಟ್ಟಿರುತ್ತಾರೆ, ಸೋಪು ಮುಗಿದು ಯಾವ ಕಾಲವಾಯಿತೋ. ಹೀಗಿರುವಾಗ ಕೆಲಸಗಾರನ ಸರ್ಟಿಫಿಕೇಟ್ ತೋರಿಸಿ ‘ಇವನಿಗೆ ತರಬೇತಿ ಕೊಟ್ಟಿದ್ದೇವೆ, ತಪ್ಪು ಇವನದೇ’ ಅನ್ನುವುದು ಅನ್ಯಾಯ ಅಲ್ವಾ?

ಗ್ಲೌಸ್ ಹಾಕಿದರೆ ಆಯಿತು ಅನ್ನುವ ನಂಬಿಕೆಯೂ ಹಬ್ಬಿದೆ. ಒಂದೇ ಗ್ಲೌಸಿನಲ್ಲಿ ಹಸಿ ಮಾಂಸ ಮುಟ್ಟಿ, ಫ್ರಿಜ್ ಬಾಗಿಲು ತೆಗೆದು, ಅದೇ ಕೈಯಲ್ಲಿ ಸಲಾಡ್ ಬಡಿಸಿದರೆ ಗ್ಲೌಸ್ ಯಾರನ್ನು ಕಾಪಾಡಿತು? ಅದು ಬಡಿಸುವವನ ಕೈಯನ್ನು ಕಾಪಾಡಿತು ಅಷ್ಟೇ. ಗ್ಲೌಸ್ ಹಾಕುವ ಮೊದಲು ಕೈ ತೊಳೆಯಬೇಕು, ಕೆಲಸ ಬದಲಾದಾಗಲೆಲ್ಲ ಗ್ಲೌಸೂ ಬದಲಾಗಬೇಕು. ಕೈಯಲ್ಲಿ ಗಾಯ ಇದ್ದರೆ ಇನ್ನೂ ಹುಷಾರಾಗಿರಬೇಕು. ಸ್ಟೆಫಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಆರೋಗ್ಯವಂತರ ಮೂಗಿನಲ್ಲೂ ಚರ್ಮದ ಮೇಲೂ ಇರುತ್ತದೆ, ಕೀವು ತುಂಬಿದ ಗಾಯದಲ್ಲಂತೂ ಹೇರಳ. ಆಹಾರದಲ್ಲಿ ಬೆಳೆದರೆ ಅದು ಬಿಡುವ ವಿಷವೂ ಬಿಸಿ ಮಾಡಿದರೆ ಹೋಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ವಾಂತಿ, ಭೇದಿ, ಜ್ವರ ಇದ್ದರೆ ಅಡುಗೆಮನೆಗೆ ಬರಬೇಡಿ ಅಂತ ಎಲ್ಲ ತರಬೇತಿಯೂ ಹೇಳುತ್ತದೆ. ಹಲವು ದೇಶಗಳ ಆರೋಗ್ಯ ಇಲಾಖೆಗಳು ವಾಂತಿ ಭೇದಿ ನಿಂತ ಮೇಲೂ 48 ಗಂಟೆ ದೂರ ಇರಿ ಅನ್ನುತ್ತವೆ. ಕಾರಣ ಗಟ್ಟಿಯಾಗಿದೆ. ವಾಂತಿ ಭೇದಿ ತರುವ ನೊರೋವೈರಸ್ ಅನ್ನುವುದು ನೂರಕ್ಕಿಂತ ಕಡಿಮೆ ಕಣಗಳಿಂದಲೇ ಇನ್ನೊಬ್ಬರಿಗೆ ಹರಡಬಹುದು, ಹುಷಾರಾದ ಮೇಲೂ ಕೆಲವು ದಿನ ಮಲದಲ್ಲಿ ಹೋಗುತ್ತಲೇ ಇರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು. ಈ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಸರಿ ಉತ್ತರ ಕೊಡುತ್ತಾರೆ. ಆದರೆ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಎರಡು ದಿನ ಹಾಕಿದರೆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಹಾಗಾಗಿ ಹೊಟ್ಟೆ ಕಟ್ಟುವ ಮಾತ್ರೆ ನುಂಗಿ, ಯಾರಿಗೂ ಹೇಳದೆ ಬಂದು ನಿಲ್ಲುತ್ತಾರೆ. ತಿಳಿವಳಿಕೆ ಇಲ್ಲದೆ ಬಂದರು ಅಂತ ಹೇಳಲು ಆಗುತ್ತದಾ? ಅವರಿಗೆ ಎಲ್ಲ ಗೊತ್ತು.

ನೂರು ವರ್ಷದ ಹಿಂದಿನ ಒಬ್ಬ ಅಡುಗೆಯವಳ ವಿಷಯ ಇಲ್ಲಿ ಹೇಳಲೇಬೇಕು. ಮೇರಿ ಮ್ಯಾಲನ್ ಅಂತ ಹೆಸರು, ನ್ಯೂಯಾರ್ಕಿನಲ್ಲಿ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಅವರ ಮೈಯಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಇತ್ತು, ಆದರೆ ಕಾಯಿಲೆಯ ಒಂದು ಲಕ್ಷಣವೂ ಇರಲಿಲ್ಲ. ಅವರು ಕೆಲಸ ಮಾಡಿದ ಮನೆಗಳಲ್ಲಿ ಜನ ಕಾಯಿಲೆ ಬೀಳುತ್ತಿದ್ದುದನ್ನು ಜಾರ್ಜ್ ಸೋಪರ್ ಎಂಬ ತಜ್ಞರು ಪತ್ತೆ ಮಾಡಿದರು, 1907ರಲ್ಲಿ ಅವರನ್ನು ಹಿಡಿದು ಒಂದು ದ್ವೀಪದ ಆಸ್ಪತ್ರೆಯಲ್ಲಿ ಇಟ್ಟರು. ಇನ್ನು ಅಡುಗೆ ಕೆಲಸ ಮಾಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಅವರು ಬಟ್ಟೆ ಒಗೆಯುವ ಕೆಲಸಕ್ಕೆ ಹೋದರು. ಅದರಲ್ಲಿ ಅಡುಗೆಯಷ್ಟು ಸಂಬಳ ಇರಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಬಂದರು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಅಲ್ಲಿನ ಅಡುಗೆಯವರು ಇವರೇ. ಅಲ್ಲಿಂದ 1938ರಲ್ಲಿ ಸಾಯುವವರೆಗೂ ಅದೇ ದ್ವೀಪದಲ್ಲಿ ಇಟ್ಟರು.

ಜನ ಇಂದಿಗೂ ಅವರನ್ನು ರೋಗ ಹಂಚಿದ ಹೆಂಗಸು ಅಂತಲೇ ನೆನೆಯುತ್ತಾರೆ. ನಾನು ಆ ಕಥೆ ಓದಿದಾಗ ನನ್ನ ಗಮನ ಹೋದದ್ದು ಬೇರೆ ಕಡೆಗೆ. ಮೈಯಲ್ಲಿ ಏನೂ ಬೇನೆ ಇಲ್ಲದಿದ್ದರೂ ನನ್ನಿಂದ ಬೇರೆಯವರಿಗೆ ಕಾಯಿಲೆ ಹೋಗುತ್ತದೆ ಅನ್ನುವುದು ಅವರಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ, ನಂಬುವ ಹಾಗೆ ಕೂರಿಸಿ ತಿಳಿಸುವ ಕೆಲಸ ಆಗಲಿಲ್ಲ. ಅಡುಗೆ ಬಿಡು ಅಂದವರು ಅಡುಗೆಯಷ್ಟೇ ಸಂಬಳ ಬರುವ ಇನ್ನೊಂದು ಕೆಲಸವನ್ನೂ ಕೊಡಲಿಲ್ಲ. ತಿಳಿವಳಿಕೆ ಒಂದು, ಹೊಟ್ಟೆಪಾಡು ಇನ್ನೊಂದು, ಎರಡೂ ಸೇರದಿದ್ದರೆ ಯಾವ ನಿಯಮವೂ ನಿಲ್ಲುವುದಿಲ್ಲ. ನಮ್ಮ ಇಂದಿನ ಆನ್‌ಲೈನ್ ಕೋರ್ಸುಗಳು ಮೊದಲನೆಯದನ್ನು ಒಂದು ಮಟ್ಟಕ್ಕೆ ಮಾಡುತ್ತಿವೆ, ಎರಡನೆಯದರ ಬಗ್ಗೆ ಮಾತೇ ಎತ್ತುವುದಿಲ್ಲ. ಕಾಯಿಲೆ ಇದೆ ಅಂತ ಹೇಳಿದ ಕೆಲಸಗಾರನಿಗೆ ಆ ದಿನದ ಸಂಬಳ ಕೊಡುತ್ತೇವೆ ಅಂತ ಮಾಲೀಕರು ಬರೆದು ಸಹಿ ಹಾಕದ ಅಡುಗೆಮನೆಯಲ್ಲಿ, ಕಾಯಿಲೆ ಬಂದರೆ ಬರಬೇಡಿ ಅನ್ನುವ ಪಾಠಕ್ಕೆ ಬೆಲೆ ಇಲ್ಲ.

ಮಾಲೀಕರು, ಮ್ಯಾನೇಜರುಗಳು ಇದೇ ಪರೀಕ್ಷೆಗೆ ಕೂರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ, ಅವರ ಪರೀಕ್ಷೆ ಇನ್ನೂ ಕಷ್ಟವಾಗಿರಬೇಕು. ಇದು ಹೊಸ ವಿಚಾರ ಅಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಬಾಹ್ಯಾಕಾಶ ಯಾತ್ರಿಗಳಿಗೆ ಊಟ ತಯಾರಿಸಬೇಕಾದಾಗ ನಾಸಾ ಮತ್ತು ಪಿಲ್ಸ್‌ಬರಿ ಕಂಪನಿಗೆ ಒಂದು ತಲೆನೋವು ಬಂತು. ತಯಾರಾದ ಆಹಾರವನ್ನು ಪರೀಕ್ಷೆ ಮಾಡಿಯೇ ಸುರಕ್ಷಿತ ಅಂತ ಖಾತ್ರಿ ಮಾಡಲು ಹೊರಟರೆ ಬಹುಪಾಲು ಆಹಾರ ಪರೀಕ್ಷೆಗೇ ಖರ್ಚಾಗುತ್ತಿತ್ತು, ತಿನ್ನಲು ಉಳಿಯುವುದು ಸ್ವಲ್ಪವೇ. ಅದಕ್ಕೆ ಅವರು ಕೊನೆಯಲ್ಲಿ ನೋಡುವುದನ್ನು ಬಿಟ್ಟು, ತಯಾರಿಯ ಯಾವ ಹಂತದಲ್ಲಿ ಅಪಾಯ ಒಳಗೆ ಬರಬಹುದು ಅಂತ ಮೊದಲೇ ಯೋಚಿಸಿ, ಆ ಹಂತದಲ್ಲೇ ಕಾವಲು ಇಡುವ ಕ್ರಮ ತಂದರು. ಇದೇ ಮುಂದೆ ಎಚ್‌ಎಸಿಸಿಪಿ ಅಂತ ಹೆಸರಾಯಿತು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗ 1993ರಲ್ಲಿ ಇದಕ್ಕೆ ಮಾರ್ಗಸೂಚಿ ಒಪ್ಪಿಕೊಂಡಿತು. ಸರ್ಟಿಫಿಕೇಟ್ ವಿಷಯದಲ್ಲಿ ನಾವು ಆ ಪಾಠವನ್ನು ಕೈಬಿಟ್ಟಿದ್ದೇವೆ. ಕೊನೆಯಲ್ಲಿ ಒಂದು ಪರೀಕ್ಷೆ ಇಟ್ಟು ಎಲ್ಲ ಸರಿ ಇದೆ ಅನ್ನುತ್ತಿದ್ದೇವೆ, ದಿನದ ಕೆಲಸದ ನಡುವೆ ಎಲ್ಲಿ ಎಡವುತ್ತಿದ್ದಾರೆ ಅಂತ ನೋಡುತ್ತಿಲ್ಲ.

2020ರಲ್ಲಿ ಕೋಡೆಕ್ಸ್ ತನ್ನ ಆಹಾರ ನೈರ್ಮಲ್ಯದ ಮೂಲ ತತ್ವಗಳನ್ನು ಪರಿಷ್ಕರಿಸಿದಾಗ ಸಂಸ್ಥೆಯ ಆಡಳಿತದ ಬದ್ಧತೆ ಮತ್ತು ಆಹಾರ ಸುರಕ್ಷತೆಯ ಸಂಸ್ಕೃತಿ ಅನ್ನುವ ಮಾತನ್ನೂ ಸೇರಿಸಿತು. ಸರಳವಾಗಿ ಹೇಳಿದರೆ, ಮೇಲಿನವರು ನಿಜವಾಗಿ ಮನಸ್ಸು ಮಾಡದಿದ್ದರೆ ಕೆಳಗಿನವರಿಗೆ ಕೊಟ್ಟ ತರಬೇತಿ ನಿಲ್ಲುವುದಿಲ್ಲ. ಮ್ಯಾನೇಜರ್ ತಾನೇ ಕೈ ತೊಳೆಯದೆ ಅಡುಗೆ ಕಟ್ಟೆಗೆ ಬಂದು ರುಚಿ ನೋಡಿ ಅದೇ ಚಮಚ ಮತ್ತೆ ಪಾತ್ರೆಗೆ ಅದ್ದಿದರೆ, ಮೂವತ್ತು ಸ್ಲೈಡಿನ ಪಾಠ ಅಲ್ಲಿಗೆ ಮುಗಿಯಿತು. ಹೊಸ ಹುಡುಗರು ನೋಡಿಯೇ ಕಲಿಯುವುದು.

ಭಾಷೆಯ ಬಗ್ಗೆ ಒಂದು ಮಾತು. ಅಡುಗೆಮನೆಗಳಲ್ಲಿ ಬೇರೆ ಬೇರೆ ಕಡೆಯಿಂದ ಬಂದವರು ಇರುತ್ತಾರೆ, ಎಲ್ಲರಿಗೂ ಒಂದೇ ಭಾಷೆ ಓದಲು ಬರುವುದಿಲ್ಲ, ಕೆಲವರಿಗೆ ಓದಲೇ ಬರುವುದಿಲ್ಲ. ಅವರು ಕಡಿಮೆ ಬುದ್ಧಿಯವರಲ್ಲ, ಎಷ್ಟೋ ಸಲ ಕೈಕೆಲಸದಲ್ಲಿ ಅವರೇ ಎಲ್ಲರಿಗಿಂತ ಅಚ್ಚುಕಟ್ಟು. ಪಾಠ ಅವರ ಮಾತಿನಲ್ಲಿ ಕೇಳಿಸಬೇಕು, ಪ್ರಶ್ನೆಯನ್ನೂ ಓದಿ ಹೇಳಬೇಕು, ಚಿತ್ರ ತೋರಿಸಿ ಇದರಲ್ಲಿ ಏನು ತಪ್ಪಾಗಿದೆ ಅಂತ ಕೇಳಬೇಕು. ಯಂತ್ರದಿಂದ ಅನುವಾದಿಸಿದ ಪಾಠಗಳನ್ನು ನಾನು ನೋಡಿದ್ದೇನೆ, ಓದಿದರೆ ನನಗೇ ಅರ್ಥವಾಗುವುದಿಲ್ಲ. ಅಂಥದ್ದನ್ನು ಕೊಟ್ಟು ಪಾಸಾಗು ಅಂದರೆ ಉತ್ತರದ ಫೋಟೋ ಹುಡುಕದೆ ಬೇರೆ ದಾರಿ ಇಲ್ಲ.

ಅಲರ್ಜಿ ವಿಷಯದಲ್ಲೂ ಬಡಿಸುವವರಿಗೆ ಸರಿಯಾದ ಪಾಠ ಬೇಕು. ಯುರೋಪಿನಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳನ್ನು ಕಡ್ಡಾಯವಾಗಿ ತಿಳಿಸಬೇಕು, ಅಮೆರಿಕದ ಪಟ್ಟಿಗೆ 2023ರಿಂದ ಎಳ್ಳೂ ಸೇರಿ 9 ಆಗಿದೆ. ‘ಇದರಲ್ಲಿ ಕಡಲೆಕಾಯಿ ಇದೆಯಾ?’ ಅಂತ ಯಾರಾದರೂ ಕೇಳಿದರೆ ಬಡಿಸುವವನು ಇಲ್ಲ ಅನಿಸುತ್ತದೆ ಅನ್ನಬಾರದು. ಒಳಗೆ ಹೋಗಿ ಕೇಳಿಕೊಂಡು ಬರಬೇಕು. ಇಲ್ಲಿ ಬೇಯಿಸಿ ಕೊಲ್ಲಲು ಸೂಕ್ಷ್ಮಜೀವಿ ಇಲ್ಲ, ಒಂದು ಚೂರು ಸಾಕು ಉಸಿರು ಕಟ್ಟಲು.

ಹಣ ಮತ್ತು ಸಮಯ ಯಾರದ್ದು ಅನ್ನುವುದನ್ನೂ ಬಗೆಹರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಆಹಾರ ಕೆಲಸಗಾರರ ಕಾರ್ಡ್, ಅಂದರೆ ಅಲ್ಲಿನ ಇಂಥದೇ ಸರ್ಟಿಫಿಕೇಟ್, ಪಡೆಯಲು ಆಗುವ ಖರ್ಚನ್ನು ಕೆಲಸ ಕೊಟ್ಟವರೇ ಭರಿಸಬೇಕು, ಕಲಿಯುವ ಹೊತ್ತನ್ನು ಕೆಲಸದ ಹೊತ್ತು ಅಂತ ಲೆಕ್ಕ ಹಾಕಿ ಸಂಬಳ ಕೊಡಬೇಕು, ಆ ಹೊತ್ತಿನಲ್ಲಿ ಬೇರೆ ಕೆಲಸ ಹೇಳಬಾರದು. ಎಷ್ಟು ಸರಳ, ಎಷ್ಟು ಸರಿ! ಇದೊಂದು ಮಾಡಿದರೆ ಒಬ್ಬನೇ ಎಲ್ಲರ ಪರೀಕ್ಷೆ ಬರೆಯುವುದು ಅರ್ಧಕ್ಕರ್ಧ ನಿಂತುಹೋಗುತ್ತದೆ ಅಂತ ನನ್ನ ನಂಬಿಕೆ. ಸರ್ಟಿಫಿಕೇಟ್ ಕೆಲಸಗಾರನ ಸ್ವತ್ತಾಗಿರಬೇಕು, ಕೆಲಸ ಬಿಟ್ಟರೆ ಜೊತೆಗೆ ಹೋಗಬೇಕು. ಕೊಡುವುದಿಲ್ಲ ಅಂತ ತಡೆಹಿಡಿಯುವ ಜಾಗಗಳೂ ಇವೆ.

ಕೋರ್ಸ್ ತಯಾರಿಸುವವರಿಗೆ ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಎರಡು ಗಂಟೆಯ ಪಾಠವನ್ನು ಒಂದೇ ಸಲ ಸುರಿಯಬೇಡಿ. ಹತ್ತು ಹತ್ತು ನಿಮಿಷದ ತುಂಡು ಮಾಡಿ, ಒಂದು ತುಂಡು ಮುಗಿದ ಮೇಲೆ ಅದೇ ದಿನ ಅಡುಗೆಮನೆಯಲ್ಲಿ ಮಾಡಿ ತೋರಿಸುವ ಒಂದು ಕೆಲಸ ಕೊಡಿ. ಥರ್ಮಾಮೀಟರ್ ಪಾಠ ಮುಗಿಯಿತಾ, ಐಸ್ ನೀರಿನಲ್ಲಿ ಅದ್ದಿ 0 ಬರುವುದನ್ನು ತೋರಿಸಲಿ. ಕ್ಲೋರಿನ್ ನೀರಿನ ಪಾಠ ಆಯಿತಾ, ಅಳತೆ ಪಟ್ಟಿ ಅದ್ದಿ ಬಣ್ಣ ಹೋಲಿಸಿ ನೋಡಲಿ, ಏಕೆಂದರೆ ತೆಳುವಾದರೆ ಸೂಕ್ಷ್ಮಜೀವಿ ಸಾಯುವುದಿಲ್ಲ, ಜಾಸ್ತಿಯಾದರೆ ಅದೇ ವಿಷ. ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕುವ ಒಬ್ಬ ಹಳಬರು ಇರಲಿ, ಅವರ ಸಹಿ ಇಲ್ಲದೆ ಸರ್ಟಿಫಿಕೇಟ್ ಬರದಿರಲಿ. ಪಾಸಾದ ಮೇಲೆ ವರ್ಷಗಟ್ಟಲೆ ಸುಮ್ನೆ ಬಿಡುವ ಬದಲು ತಿಂಗಳಿಗೊಮ್ಮೆ ಒಂದೆರಡು ಪ್ರಶ್ನೆ ಮೊಬೈಲಿಗೆ ಬರಲಿ, ಬಳಸದ ಪಾಠ ಯಾರಿಗಾದರೂ ಮರೆಯುತ್ತದೆ.

ಸರ್ಟಿಫಿಕೇಟ್ ಅರ್ಜಿಯಲ್ಲಿ ಮಾಲೀಕರು ತುಂಬುವ ಒಂದು ಪುಟವೂ ಇರಬೇಕು. ಕೈ ತೊಳೆಯಲೆಂದೇ ಬೇರೆ ಸಿಂಕ್ ಇದೆಯಾ, ಕೆಲಸ ಮಾಡುವ ಥರ್ಮಾಮೀಟರ್ ಅಡುಗೆಯವರ ಕೈಗೆ ಸಿಗುತ್ತದಾ, ಹಸಿ ಮಾಂಸಕ್ಕೂ ತರಕಾರಿಗೂ ಬೇರೆ ಬೇರೆ ಕಟಿಂಗ್ ಬೋರ್ಡ್ ಇದೆಯಾ, ಕಾಯಿಲೆ ಬಿದ್ದವರಿಗೆ ಸಂಬಳ ಸಹಿತ ರಜೆ ಇದೆಯಾ. ಇಲ್ಲ ಅಂತ ಬಂದರೆ ಮೊದಲು ಅದನ್ನು ಸರಿ ಮಾಡಿ ಬನ್ನಿ ಅಂತ ವಾಪಸ್ ಕಳಿಸಬೇಕು. ತಪಾಸಣೆಗೆ ಬರುವವರು ಫೈಲಿನಲ್ಲಿ ಸರ್ಟಿಫಿಕೇಟ್ ಎಣಿಸುವುದಕ್ಕಿಂತ, ಎದುರಿಗೆ ಸಿಕ್ಕ ಕೆಲಸಗಾರರೊಬ್ಬರನ್ನು ಕರೆದು ‘ಈ ಅನ್ನ ಯಾವಾಗ ಬೆಂದದ್ದು, ಈಗ ಎಷ್ಟು ಡಿಗ್ರಿ ಇದೆ, ನೋಡಿ ಹೇಳಿ’ ಅಂತ ಕೇಳಲಿ.

ವಿಶ್ವ ಆಹಾರ ಸುರಕ್ಷತಾ ದಿನ ಅಂತ 2019ರಿಂದ ಪ್ರತಿ ವರ್ಷ ಜೂನ್ 7ರಂದು ಆಚರಿಸುತ್ತಾರೆ. ಆ ದಿನ ಪತ್ರಿಕೆಗಳಲ್ಲಿ ತಜ್ಞರ ಲೇಖನ ಬರುತ್ತದೆ, ಬರಲಿ. ಮುಂದಿನ ಸಲ ನಿಮ್ಮ ವರದಿಗಾರರು ಅಡುಗೆಮನೆಗಳ ಒಳಗೂ ಹೋಗಿ ಅಲ್ಲಿ ದುಡಿಯುವವರನ್ನು ಮಾತಾಡಿಸಲಿ ಅಂತ ಕೇಳಿಕೊಳ್ಳುತ್ತೇನೆ. ಪಾತ್ರೆ ತೊಳೆಯುವವರನ್ನು ಮೊದಲು ಮಾತಾಡಿಸಿ. ತಟ್ಟೆ, ಚಮಚ, ಕಟಿಂಗ್ ಬೋರ್ಡ್ ಎಲ್ಲ ಅವರ ಕೈ ದಾಟಿಯೇ ಬರುತ್ತದೆ, ತರಬೇತಿಯ ಪಟ್ಟಿಯಲ್ಲಿ ಹೆಚ್ಚಿನ ಕಡೆ ಅವರ ಹೆಸರೇ ಇರುವುದಿಲ್ಲ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಅಡುಗೆಮನೆಯ ಒಬ್ಬ ಮೇಲ್ವಿಚಾರಕಿ